ಒಂಬತ್ತು ಗಂಟೆಯ ಗೇಟು

ಮಕ್ಕಳೇ, ರಾತ್ರಿ ಕರೆಂಟು ಹೋದ ಕೂಡಲೇ ನಿಮಗೆ ಏನೂ ಕಾಣುವುದಿಲ್ಲ, ಅಲ್ಲವೇ? ಸ್ವಲ್ಪ ಹೊತ್ತಾದ ಮೇಲೆ ಬಾಗಿಲು, ಪಾತ್ರೆ ಮಸುಕಾಗಿ ಕಾಣತೊಡಗುತ್ತವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕು. ಜಿಂಕೆಯ ಕಣ್ಣು ಕತ್ತಲಲ್ಲಿ ನಮ್ಮ ಕಣ್ಣಿಗಿಂತ ಚುರುಕು. ಅದರ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿದ್ದು, ಒಳಬಂದ ಬೆಳಕನ್ನು ಪ್ರತಿಫಲಿಸಿ ಇನ್ನೊಮ್ಮೆ ಬಳಕೆಗೆ ಒದಗಿಸುತ್ತದೆ. ಅಂಥ ಕಣ್ಣಿಗೆ ಲಾರಿಯ ಹೆಡ್‌ಲೈಟ್ ನೇರವಾಗಿ ಬಿದ್ದರೆ? ಕಣ್ಣು ಕೋರೈಸಿ ಜಿಂಕೆ ರಸ್ತೆಯ ನಡುವೆಯೇ ನಿಂತುಬಿಡುತ್ತದೆ.

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತೇರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಸೀಳಿಕೊಂಡು ಸಾಗುತ್ತದೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ವಿರೋಧ ಬಂತು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಜುಲೈನಲ್ಲಿ ಹೈಕೋರ್ಟು ನಿಷೇಧವನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಸಿಕ್ಕಿತು.

ಒಮ್ಮೆ ಸ್ನೇಹಿತರ ಕಾರಿನಲ್ಲಿ ಮದ್ದೂರು ಚೆಕ್‌ಪೋಸ್ಟ್ (ಮಂಡ್ಯದ ಮದ್ದೂರಲ್ಲ!) ತಲುಪಿದಾಗ ಒಂಬತ್ತು ದಾಟಿ ಐದು ನಿಮಿಷವಾಗಿತ್ತು. ಗೇಟು ಬಿದ್ದಿತ್ತು. ನಿಮಗೆ ಪರಿಸರದ ಪಾಠ ಹೇಳುವ ನನಗೂ ಗೇಟಿನ ಮೇಲೆ ಸಿಟ್ಟೇ ಬಂತು. ಮುಂದೆ ಕೋಳಿಕ್ಕೋಡಿಗೆ ಹೊರಟ ಟೊಮೆಟೊ ಲಾರಿ ನಿಂತಿತ್ತು. ಚಾಲಕ, “ಬೆಳಗಿನ ಮಾರ್ಕೆಟ್ಟು ತಪ್ಪಿದ್ರೆ ರೇಟು ಬಿದ್ದೋಯ್ತದೆ ಮೇಷ್ಟ್ರೇ. ಟೊಮೆಟೊ ಕಾಯ್ತದಾ?” ಎಂದ. ಅಲ್ಲಿದ್ದ ಕಾವಲುಗಾರ, “ಗೇಟು ಇಲ್ದೇ ಇದ್ದಾಗ ಬೆಳಗಾದ್ರೆ ಸತ್ತ ಜಿಂಕೆ ಎಳೆದು ಹಾಕೋದೇ ನಮ್ಮ ಕೆಲಸವಾಗಿತ್ತು” ಎಂದ. ಇಬ್ಬರಲ್ಲಿ ಯಾರ ಮಾತನ್ನು ತಳ್ಳಿಹಾಕುತ್ತೀರಿ? 2019ರಲ್ಲಿ ಬತೇರಿಯ ಜನ ಇದೇ ರಸ್ತೆಗಾಗಿ ಉಪವಾಸ ಕುಳಿತರು.

ಆ ರಾತ್ರಿ ಗುಂಡ್ಲುಪೇಟೆಗೆ ಹಿಂತಿರುಗಿ ಮಲಗಿದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಒಂಬತ್ತೇ ಏಕೆ? ಜಿಂಕೆಗಳು ಹೆಚ್ಚಾಗಿ ಮೇಯುವುದು ಮುಂಜಾನೆ ಮತ್ತು ಮುಸ್ಸಂಜೆ. ಜಿಂಕೆಯನ್ನಷ್ಟೇ ಕೇಳಿದ್ದರೆ ಗೇಟು ಆರಕ್ಕೇ ಬೀಳಬೇಕಿತ್ತು. ಆದರೆ ಪೇಟೆಯಿಂದ ಊರಿಗೆ ಮರಳುವವರು, ತರಕಾರಿ ಸಾಗಿಸುವವರು ಏನು ಮಾಡಬೇಕು? ಗಂಟೆ ಗೊತ್ತುಮಾಡುವಾಗ ಜಿಂಕೆಯ ಜೊತೆ ಇವರೆಲ್ಲರೂ ಲೆಕ್ಕಕ್ಕೆ ಬಂದಿರಬೇಕು ಎಂದು ನನಗನಿಸುತ್ತದೆ. ಮಾತಾಡಲಾಗದ್ದು ಜಿಂಕೆಯೊಂದೇ.

ಮರುದಿನ ಬತೇರಿಯಿಂದ ವಾಪಸು ಬರುವಾಗ ಸಂಜೆ ಏಳೂವರೆ. ರಸ್ತೆಯಂಚಿನ ಎಳೆಹುಲ್ಲಿನಲ್ಲಿ ಹತ್ತಾರು ಹೊಳೆಯುವ ಕಣ್ಣುಗಳು. ಸ್ನೇಹಿತರು ಲೈಟು ಡಿಮ್ ಮಾಡಿ ಕಾರು ನಿಧಾನಿಸಿದರು. ಹಿಂದೆ ಬರುತ್ತಿದ್ದ ಜೀಪು ಗೇಟು ಬೀಳುವುದಕ್ಕೆ ಇನ್ನೂ ಸಮಯವಿದ್ದರೂ ಹಾರನ್ ಒತ್ತುತ್ತಲೇ ಇತ್ತು.