ಒಂದೇ ಸೀಸೇಲಿ ಎರಡು ಔಷಧಿ ಯಾಕೆ?

ಈ ಮಳೆಗಾಲ ನಮ್ಮ ಸುತ್ತಮುತ್ತ ಕೆಚ್ಚಲು ಬಾವು ಜಾಸ್ತಿ ಆಗೈತೆ. ಯಾರನ್ನ ಕೇಳಿದ್ರೂ "ಟ್ಯಾಜೋ ಇಂಜೆಕ್ಷನ್ ಹಾಕ್ಸು, ಡಬಲ್ ಪವರು" ಅಂತಾರೆ. ಡಬಲ್ ಪವರ್ ಅನ್ನೋದು ಪೂರ್ತಿ ಸರಿಯಲ್ಲ.

ಅದರಲ್ಲಿರೋದು ಸೆಫ್ಟ್ರಿಯಾಕ್ಸೋನ್ ಮತ್ತು ಟ್ಯಾಜೋಬ್ಯಾಕ್ಟಮ್. ರೋಗಾಣು ತನ್ನ ಮೈ ಸುತ್ತ ಗೋಡೆ ಕಟ್ಟಿಕೊಂಡೇ ಬದುಕೋದು. ಸೆಫ್ಟ್ರಿಯಾಕ್ಸೋನ್ ಆ ಗೋಡೆ ಕೆಲಸ ನಿಲ್ಲಿಸುತ್ತೆ, ರೋಗಾಣು ಒಡೆದು ಸಾಯುತ್ತೆ. ಆದ್ರೆ ಕೆಲವು ರೋಗಾಣು ಬೀಟಾ ಲ್ಯಾಕ್ಟಮೇಸ್ ಅನ್ನೋ ಕಿಣ್ವ ಬಿಟ್ಟು ಔಷಧಿನೇ ಕತ್ತರಿಸಿ ಹಾಕ್ತವೆ. ಟ್ಯಾಜೋಬ್ಯಾಕ್ಟಮ್ ಹೋಗಿ ಆ ಕುಡುಗೋಲಿನ ಬಾಯಿಗೆ ಸಿಕ್ಕಿಕೊಳ್ಳುತ್ತೆ. ತಾನಾಗಿ ಅದು ರೋಗಾಣು ಕೊಲ್ಲೋದು ಕಮ್ಮಿ, ಜೊತೆಗಾರನ್ನ ಉಳಿಸೋದೇ ಅದರ ಕೆಲಸ. ಬೇರೆ ದಾರೀಲಿ ತಪ್ಪಿಸಿಕೊಳ್ಳೋ ರೋಗಾಣುಗೆ ಈ ಜೋಡಿನೂ ನಾಟಲ್ಲ. ಅದಕ್ಕೇ ಬಾವು ಮತ್ತೆ ಮತ್ತೆ ಬರೋ ಹಸು ಇದ್ರೆ, ಮೊದಲ ಸೂಜಿಗೆ ಮುಂಚೆ ಹಾಲಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸೋಕೆ ಡಾಕ್ಟ್ರನ್ನ ಕೇಳಿ. ಸೂಜಿ ಹಾಕಿದ ಮೇಲೆ ತೆಗೆದ್ರೆ ರೋಗಾಣು ಸರಿಯಾಗಿ ಬೆಳೆಯಲ್ಲ.

ಕರು ಹಾಕಿದ ಹಸುಗೆ ಕ್ಯಾಲ್ಸಿಯಂ ಬಾಟ್ಲಿ ಏರಿಸೋದು ನಮ್ಮಲ್ಲಿ ಮಾಮೂಲು. ಸೆಫ್ಟ್ರಿಯಾಕ್ಸೋನನ್ನ ಕ್ಯಾಲ್ಸಿಯಂ ಜೊತೆ, ಅದೇ ಪೈಪಲ್ಲಿ, ಯಾವತ್ತೂ ಬೆರೆಸಬಾರದು. ಹರಳುಗಟ್ಟುತ್ತೆ. ರಿಂಗರ್ ಲ್ಯಾಕ್ಟೇಟ್ ಬಾಟ್ಲಿಲೂ ಕ್ಯಾಲ್ಸಿಯಂ ಇರುತ್ತೆ. ಬೆಳಿಗ್ಗೆ ಏನು ಹಾಕಿಸಿದ್ರಿ ಅಂತ ಸಂಜೆ ಬಂದ ಡಾಕ್ಟ್ರಿಗೆ ನೀವೇ ಹೇಳಬೇಕು. ಸೂಜಿ ಆದ ಮೇಲೆ ಮೈಮೇಲೆ ದದ್ದು, ಮುಖ ಊತ, ಏದುಸಿರು ಕಂಡ್ರೆ ಅಲರ್ಜಿ, ತಡ ಮಾಡದೆ ಫೋನ್ ಮಾಡಿ. ಮೆಡಿಕಲ್‌ನಿಂದ ತಂದು ಸ್ವಂತ ಚುಚ್ಚೋರಿಗೆ ಆ ಹೊತ್ತಲ್ಲಿ ಕೈಯಲ್ಲಿ ಏನೂ ಇರಲ್ಲ. ಎರಡು ಸೂಜಿಗೆ ಊತ ಇಳೀತು ಅಂತ ಮೂರನೇದು ಉಳಿಸೋದೂ ಬೇಡ, ಎಷ್ಟು ದಿನ ಅನ್ನೋದು ಡಾಕ್ಟ್ರ ಲೆಕ್ಕ.

ಈಗ ಹಾಲಿನ ವಿಚಾರ. ಪಕ್ಕದ ತೋಟದ ತಮ್ಮ ಕೇಳ್ದ, "ಬಾವು ಇರೋದು ಒಂದು ಮೊಲೇಲಿ, ಉಳಿದ ಮೂರರ ಹಾಲು ಡೈರಿಗೆ ಹಾಕಿದ್ರೆ ಏನಣ್ಣ? ಹಸು ಸಾಲದ್ದು." ಅವನ ಕಷ್ಟ ಸುಳ್ಳಲ್ಲ. ಆದ್ರೆ ಚುಚ್ಚಿದ ಔಷಧಿ ರಕ್ತಕ್ಕೆ ಸೇರಿ ನಾಲ್ಕೂ ಮೊಲೆಗೆ ಬರುತ್ತೆ. ಕಾಯಿಸಿದ್ರೆ ಹೋಗುತ್ತೆ ಅಂತ ನಂಬೋಹಾಗಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರೂ ಸರಿಯಾಗಿ ಆಗದೆ ಹೋಗಬಹುದು, ಹೆಪ್ಪಿನ ಜೀವಾಣುನೂ ಸಾಯ್ತವಲ್ಲ. ಸೀಸೆ ಮೇಲೆ ಎಷ್ಟು ದಿನ ಹಾಲು ಬಿಡಬೇಕು ಅಂತ ಬರೆದಿರುತ್ತೆ. ಬರೆದಿಲ್ಲದಿದ್ರೆ ಕಾನೂನು ಪ್ರಕಾರ ಕೊನೇ ಸೂಜಿಯಿಂದ ಕಮ್ಮಿ ಅಂದ್ರೂ 7 ದಿನ, ಮಾಂಸಕ್ಕೆ 28. ಕರುಗೂ ಕುಡಿಸಬೇಡಿ, ಅದರ ಹೊಟ್ಟೇಲೇ ಔಷಧಿಗೆ ಬಗ್ಗದ ರೋಗಾಣು ಬೆಳೀತವೆ.

ನಮ್ಮನೇಲಿ ಸೂಜಿ ಹಾಕಿಸಿದ ಹಸು ಹಿಂಗಾಲಿಗೆ ಕೆಂಪು ಬಟ್ಟೆ ಕಟ್ತೀವಿ, ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೀತೀವಿ. ಒಂದು ಹೊತ್ತು ನಾನು ಕರೀತೀನಿ, ಇನ್ನೊಂದು ಹೊತ್ತು ಸೊಸೆ.