ಬೊಳ್ಳುವಿಗೊಂದು ಮನೆ: ಕುಂಬಳೆಯಿಂದ ಪೆರ್ಲದವರೆಗೆ

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ರಸ್ತೆ ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಕಡಲ ಉಪ್ಪುಗಾಳಿ ಹಿಂದೆ ಉಳಿಯುತ್ತದೆ. ಸೀತಾಂಗೋಳಿ ಬರುವಾಗ ಬೋಳು ಮುರಕಲ್ಲಿನ ಗುಡ್ಡೆ, ಆಮೇಲೆ ತಗ್ಗಿನಲ್ಲಿ ಅಡಿಕೆ ತೋಟಗಳು. ಮದುವೆಗೆ, ಹಬ್ಬಕ್ಕೆ, ಮರಣದ ಮನೆಗೆ ಎಂದು ನಾವು ಗಂಡ ಹೆಂಡತಿ ಈ ದಾರಿಯಲ್ಲಿ ನೂರಾರು ಸಲ ಹೋಗಿದ್ದೇವೆ. ಒಂದು ಮುದಿ ನಾಯಿಗೆ ಮನೆ ಹುಡುಕಲೆಂದು ಹೋದದ್ದು ಮಾತ್ರ ಇದೇ ಮೊದಲು.

ನಾಯಿಯ ಹೆಸರು ಬೊಳ್ಳು. ಮೈ ಬಿಳಿ ಇದ್ದುದರಿಂದ ತುಳುವಿನಲ್ಲಿ ಆ ಹೆಸರು ಬಿತ್ತು. ಒಂಬತ್ತು ವರ್ಷದ ಹಿಂದೆ ಒಂದು ಮಳೆಗಾಲ, ಹಿಂಗಾಲು ಮುರಿದು ರಸ್ತೆ ಬದಿಯಲ್ಲಿ ಬಿದ್ದಿದ್ದ ಮರಿಯನ್ನು ನಮ್ಮ ಶಾಲೆಯ ವಾಚ್‌ಮ್ಯಾನ್ ಗೋಣಿಯಲ್ಲಿ ಸುತ್ತಿ ಎತ್ತಿ ತಂದರು. ಮೃಗಾಸ್ಪತ್ರೆಯ ಡಾಕ್ಟರರು ಪಟ್ಟಿ ಕಟ್ಟಿದರು. ಕಾಲು ಕೂಡಿತು, ಕುಂಟು ಹೋಗಲಿಲ್ಲ. ಅಂದಿನಿಂದ ಶಾಲೆಯ ಹಿಂಬದಿಯ ಸೌದೆ ಕೊಟ್ಟಿಗೆಯೇ ಅದರ ಮನೆ, ಮಕ್ಕಳ ಮಧ್ಯಾಹ್ನದೂಟದಲ್ಲಿ ಉಳಿದ ಅನ್ನವೇ ಅದರ ಊಟ. ಎರಡು ವರ್ಷದ ಹಿಂದೆ ವಾಚ್‌ಮ್ಯಾನ್ ತೀರಿಕೊಂಡರು. ಬೊಳ್ಳು ಬಹಳ ದಿನ ಗೇಟಿನ ಹತ್ತಿರವೇ ಮಲಗಿತ್ತು. ಒಂದು ಮಗುವಿಗಾದರೂ ಹಲ್ಲು ತಾಗಿಸಿದ್ದಿಲ್ಲ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಸಾಗಿಸಬೇಕು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ ಆಶ್ರಯತಾಣದಲ್ಲಿ ಇರಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು. ಅದಕ್ಕೆ ಮುಂಚೆ, 2023ರ ನಿಯಮಗಳ ಪ್ರಕಾರ, ಶಸ್ತ್ರಕ್ರಿಯೆ ಮಾಡಿಸಿದ ನಾಯಿಯನ್ನು ಹಿಡಿದಲ್ಲಿಗೇ ಬಿಡಬೇಕಾಗಿತ್ತು. ಹೆತ್ತವರ ಸಭೆಯಲ್ಲಿ ಮಾತು ಬಂತು. ಕೆಲವರು ಬೊಳ್ಳುವಿನ ಪರ, ಕೆಲವರು ವಿರೋಧ. ವಿರೋಧಿಸಿದವರನ್ನು ದೂರಲು ನಮಗೆ ಮನಸ್ಸಿಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿದರೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಪುಟ್ಟ ಮಕ್ಕಳ ತಾಯಂದಿರು ಹೆದರುವುದರಲ್ಲಿ ತಪ್ಪೇನಿದೆ?

ಆದರೆ ಹತ್ತಾರು ಎಳೆ ನಾಯಿಗಳ ನಡುವೆ ಈ ಕುಂಟನಿಗೆ ಅನ್ನದ ಬಟ್ಟಲು ಸಿಗುವುದು ಯಾವಾಗ? ಯಾರಾದರೂ ಸಾಕಿಕೊಳ್ಳುವುದಾದರೆ ಕಾನೂನು ಬೇಡವೆನ್ನುವುದಿಲ್ಲ, ಮತ್ತೆ ಬೀದಿಗೆ ಬಿಡಬಾರದು ಅಷ್ಟೆ. ಫಾದರ್ ಅವರು ಭಾನುವಾರದ ಬಲಿಪೂಜೆಯ ಕೊನೆಗೆ ಪ್ರಕಟಣೆಯಲ್ಲಿ ವಿಷಯ ತಿಳಿಸಿದರು. ವಾಳೆಯ ಗುರಿಕಾರರು ನೆರೆಯ ಧರ್ಮಕೇಂದ್ರಗಳಿಗೂ ಸುದ್ದಿ ಮುಟ್ಟಿಸಿದರು. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ: "ಮರಿ ಇದ್ದರೆ ಹೇಳಿ." ಮರಿಯನ್ನು ಯಾರು ಬೇಕಾದರೂ ಕೇಳುತ್ತಾರೆ, ಅದೇ ಮರಿಗೆ ಹತ್ತು ವರ್ಷವಾದಾಗ ಕೇಳುವವರು ಕಾಣುವುದಿಲ್ಲ. ಕೊನೆಗೆ ಮೂರು ಮನೆಗಳು ಉಳಿದವು. ನಾಯಿಯನ್ನು ಕರೆದುಕೊಂಡು ಹೋಗುವ ಮೊದಲು ಮನೆಗಳನ್ನು ನೋಡಿ ಬರುವುದೆಂದು ನಿಶ್ಚಯಿಸಿದೆವು.

ಮೊದಲನೆಯದು ಕುಂಬಳೆಯ ಸಮೀಪವೇ. ಒಳ್ಳೆಯ ಜನ, ಬಂಗುಡೆ ಬೂತಾಯಿಗೆ ಕೊರತೆಯಿಲ್ಲದ ಮನೆ. ಆದರೆ ಅಂಗಳ ಮುಗಿದಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆ, ಅದರಾಚೆ ಆರು ಪಥಗಳ ಮೇಲೆ ಲಾರಿಗಳ ಓಟ. ಕಿವಿ ಮಂದವಾಗಿರುವ, ಕಾಲು ಎಳೆಯುವ ನಾಯಿಯನ್ನು ಅಲ್ಲಿ ಬಿಟ್ಟರೆ ಹಗಲಿಡೀ ಕಟ್ಟಿಯೇ ಹಾಕಬೇಕು. ಮನೆಯವರೂ ಅದನ್ನೇ ಹೇಳಿದರು. ಚಹಾ ಕುಡಿದು ಎದ್ದೆವು.

ಎರಡನೆಯ ಮನೆಗೆ ಹೋಗುವಾಗ ಬೇಳದಲ್ಲಿ ಇಳಿದು ಶೋಕಮಾತೆಯ ಇಗರ್ಜಿಯಲ್ಲಿ ಒಂದು ಕ್ಷಣ ಮೊಣಕಾಲೂರಿದೆವು. 1890ರಲ್ಲಿ ಸ್ಥಾಪನೆಯಾದ ಇಗರ್ಜಿ ಇದು. ಗೋಥಿಕ್ ಶೈಲಿಯ ಮುಂಬದಿ, ಸುತ್ತ ತೆಂಗು ಅಡಿಕೆ. ನೀರ್ಚಾಲು ದಾಟಿ ಬದಿಯಡ್ಕ, ಅಲ್ಲಿಂದ ಮುಳ್ಳೇರಿಯ ಕಡೆಗೆ. ಬದಿಯಡ್ಕ ಎಂದರೆ ಕಯ್ಯಾರ ಕಿಞ್ಞಣ್ಣ ರೈಗಳ ಊರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿಡೀ ಹೋರಾಡಿದ ಕವಿ, 1915ರಿಂದ 2015ರವರೆಗೆ ನೂರು ವರ್ಷ ಬಾಳಿದವರು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಅಂಗಡಿಯ ಬೋರ್ಡುಗಳಲ್ಲಿ ಮಲಯಾಳವೂ ಕನ್ನಡವೂ ಇದೆ, ಒಳಗೆ ಮಾತು ತುಳು.

ಮುಳ್ಳೇರಿಯ ಕಡೆಯ ಆ ಮನೆಯವರಿಗೆ ನಾಯಿ ಬೇಕಾದದ್ದು ಕಾಡುಹಂದಿ ಓಡಿಸಲು. ಬೊಳ್ಳುವಿಗೆ ಹಂದಿಯಿರಲಿ, ಬೆಕ್ಕನ್ನು ಓಡಿಸುವ ಶಕ್ತಿಯೂ ಇಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. "ರಾತ್ರಿ ತೋಟದಲ್ಲಿ ಇದ್ದು ಬೊಗಳಿದರೆ ಸಾಕು" ಎಂದರು. ಕಾರಡ್ಕದ ಕಾಡಿನ ಅಂಚು ಅದು. ಈಚಿನ ವರ್ಷಗಳಲ್ಲಿ ಚಿರತೆ ಅಂಗಳಕ್ಕೇ ಬಂದು ನಾಯಿಯನ್ನು ಹೊತ್ತೊಯ್ದ ಸುದ್ದಿ ಆ ಭಾಗದಿಂದ ಮತ್ತೆ ಮತ್ತೆ ಬಂದಿದೆ. ರಾತ್ರಿ ಹೊರಗೆ ಮಲಗುವ ಮುದಿ ನಾಯಿ ಎಷ್ಟು ದಿನ ಇದ್ದೀತು? ಅಲ್ಲಿಂದಲೂ ಬರಿಗೈಯಲ್ಲಿ ಹೊರಟೆವು.

ಮೂರನೆಯದು ಪೆರ್ಲದ ಒಳಗೆ, ಅಡ್ಕಸ್ಥಳದ ಗಡಿಗೆ ಹೋಗುವ ರಸ್ತೆಯಿಂದ ಕೆಳಗಿಳಿಯುವ ಮಣ್ಣು ದಾರಿಯಲ್ಲಿ. ಊರವರಿಗೆ ಅವರು ಬಾಯಮ್ಮ, ನಮಗೆ ಮಾಂಯ್. ಎಪ್ಪತ್ತೈದು ದಾಟಿದೆ. ಗಂಡ ತೀರಿ ಹೋಗಿದ್ದಾರೆ, ಇಬ್ಬರು ಮಕ್ಕಳೂ ಗಲ್ಫಿನಲ್ಲಿ. ಅಂಗಳ ತುಂಬ ಅಡಿಕೆ ಒಣಗುತ್ತಿತ್ತು. ಮನೆಯ ಹಿಂದೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ, ಅದರ ಬಾಯಿಂದ ಬೆರಳು ಗಾತ್ರದ ನೀರು ಹಗಲು ರಾತ್ರಿ ತೊಟ್ಟಿಗೆ ಬೀಳುತ್ತಿರುತ್ತದೆ. ನಮ್ಮ ನಾಡಿನ ಮುರಕಲ್ಲು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಕೊಡುವ ರೀತಿ ಇದು, ಪಂಪು ಬೇಡ, ಕರೆಂಟು ಬೇಡ.

ಮಾಂಯ್ ನಾಯಿಯ ಬಣ್ಣ ಕೇಳಲಿಲ್ಲ. ಎಷ್ಟು ಹಲ್ಲು ಉಳಿದಿದೆ ಎಂದು ಕೇಳಿದರು, ಗಂಜಿ ಮೆತ್ತಗೆ ಮಾಡಬೇಕೋ ಎಂದು ತಿಳಿಯಲು. ಕಣ್ಣು ನೀಲಿಯಾಗಿದೆಯೋ ಎಂದೂ ಕೇಳಿದರು. ವಯಸ್ಸಾದ ನಾಯಿಗಳ ಕಣ್ಣಿನಲ್ಲಿ ಕಾಣುವ ಆ ನೀಲಿ ಛಾಯೆ ಹಲವು ಸಲ ಕುರುಡಲ್ಲ, ನೋಟ ಒಂದಿಷ್ಟು ಮಂದ ಅಷ್ಟೆ ಎಂದು ಡಾಕ್ಟರರು ಹೇಳಿದ್ದನ್ನು ಹೇಳಿದೆವು. "ನನಗೂ ಹಾಗೆಯೇ" ಎಂದು ನಕ್ಕರು. ಒಂದು ಹೊತ್ತು ಸುಮ್ಮನಿದ್ದು ಕೇಳಿದರು:

"ಮಗಾ, ನಾನೇ ಮೊದಲು ಹೋದರೆ ಅದಕ್ಕೆ ಯಾರು?"

ನಮ್ಮ ಬಾಯಿ ಕಟ್ಟಿತು. ಮೂರು ಮನೆಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಗೇಟಿನ ಬಳಿ ಕಾದು ಮಲಗಿದ್ದ ಬೊಳ್ಳುವನ್ನು ಕಂಡವರು ನಾವು, ಇನ್ನೊಂದು ಸಲ ಅದು ಹಾಗೆ ಕಾಯುವುದು ಬೇಡ. ಅಡಿಕೆ ಕೊಯ್ಯಲು ಬರುವ ನೆರೆಮನೆಯ ಹುಡುಗನನ್ನು ಕರೆಸಿದರು. ಅವನ ಹೆಂಡತಿಯೂ ಬಂದಳು. ಮಾತು ತುಳುವಿನಲ್ಲಿ ನಡೆಯಿತು. ಬಾಯಮ್ಮ ಮಕ್ಕಳ ಹತ್ತಿರ ಹೋದ ದಿನಗಳಲ್ಲಿ ಇವರು ಅನ್ನ ಹಾಕುವುದು, ಬಾಯಮ್ಮ ಇಲ್ಲದ ದಿನ ಬಂದರೆ ತಮ್ಮ ಮನೆಗೇ ಕರೆದುಕೊಳ್ಳುವುದು. ಅವರಿಗೂ ಆಗದಿದ್ದರೆ ನಾವು. ಮೂರನ್ನೂ ಒಂದು ಕಾಗದದಲ್ಲಿ ಬರೆದು ಮಾಂಯ್ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡರು.

ಪಂಚಾಯತಿನ ಲೈಸೆನ್ಸಿಗೆ ರೇಬೀಸ್ ಲಸಿಕೆಯ ಸರ್ಟಿಫಿಕೇಟು ಬೇಕು. ಅರ್ಜಿಯ ಮಲಯಾಳವನ್ನು ಹತ್ತನೇ ತರಗತಿಯ ಒಬ್ಬ ಹುಡುಗಿ ಓದಿ ತುಂಬಿಸಿ ಕೊಟ್ಟಳು. ಗಡಿನಾಡಿನ ಮನೆಗಳಲ್ಲಿ ಮಕ್ಕಳೇ ಈಗ ನಮಗೆ ದುಭಾಷಿಗಳು.

ಬೊಳ್ಳುವನ್ನು ಒಯ್ದದ್ದು ಕ್ರಿಸ್ಮಸ್ ಕಳೆದ ಮರುವಾರ. ಬಸ್ಸಿನಲ್ಲಿ ಆಗುವ ಮಾತಲ್ಲ, ಓಮ್ನಿಯ ಹಿಂದೆ ಗೋಣಿ ಹಾಸಿದೆವು. ತಿರುವುಗಳಲ್ಲಿ ವಾಂತಿಯಾಗದಿರಲಿ ಎಂದು ಬೆಳಿಗ್ಗೆ ಆಹಾರ ಕೊಟ್ಟಿರಲಿಲ್ಲ. ಸೌದೆ ಕೊಟ್ಟಿಗೆಯ ಹಳೆಯ ಕಂಬಳಿಯನ್ನು ಒಗೆಯದೆಯೇ ಜೊತೆಗೆ ಹಾಕಿದೆವು. ಹೊಸ ಜಾಗದಲ್ಲಿ ನಾಯಿಗೆ ಧೈರ್ಯ ಕೊಡುವುದು ತನ್ನದೇ ವಾಸನೆ. ತೋಬಿತನ ಗ್ರಂಥದಲ್ಲಿ ತೋಬಿಯಾಸನೂ ರಫಾಯೇಲ ದೇವದೂತನೂ ಪ್ರಯಾಣ ಹೊರಟಾಗ ಒಂದು ನಾಯಿಯೂ ಹಿಂದೆ ಹೊರಡುತ್ತದೆಯಲ್ಲ, ಅದಕ್ಕೊಂದು ಹೆಸರೂ ಇಲ್ಲ, ಕೆಲಸವೂ ಇಲ್ಲ. ಆದರೂ ಬರೆದವರು ಅದನ್ನು ಬಿಟ್ಟುಬಿಡಲಿಲ್ಲ. ಸೀತಾಂಗೋಳಿಯ ಏರಿನಲ್ಲಿ ಬೊಳ್ಳು ಒಮ್ಮೆ ತಲೆಯೆತ್ತಿ ಗುಡ್ಡೆಯ ಗಾಳಿ ಮೂಸಿತು, ಮತ್ತೆ ಮಲಗಿತು.

ಮೊದಲ ಮೂರು ದಿನ ಅದು ಬಚ್ಚಲು ಒಲೆಯ ಹಿಂದಿನಿಂದ ಹೊರಬರಲಿಲ್ಲವಂತೆ. ಮಾಂಯ್ ಕರೆಯಲಿಲ್ಲ, ಎಳೆಯಲಿಲ್ಲ. ಗಂಜಿಯ ಬಟ್ಟಲನ್ನು ದಿನಕ್ಕೆ ಒಂದು ಮಾರು ಈಚೆ ಇಟ್ಟರು, ಸಂಜೆ ಅಲ್ಲೇ ಮಣೆ ಹಾಕಿ ಕುಳಿತು ಜಪಸರ ಹೇಳಿದರು. ನಾಲ್ಕನೆಯ ಸಂಜೆ ನಾಯಿ ಬಂದು ಅವರ ಕಾಲ ಬಳಿ ಮಲಗಿತು. ನಮಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಬಂತು. ಇನ್ನು ನೀವು ಅವಸರದಲ್ಲಿ ಬರಬೇಡಿ, ನಿಮ್ಮ ಹಿಂದೆ ಹೊರಟೀತು."

ಮೂರು ವಾರ ಬಿಟ್ಟು ಹೋದೆವು. ಅಂಗಳದ ಅಡಿಕೆಯ ನಡುವೆ ಬಿಸಿಲು ಬೀಳುವ ಒಂದು ಜಾಗವನ್ನು ನಾಯಿಯಷ್ಟು ಅಗಲಕ್ಕೆ ಖಾಲಿ ಬಿಟ್ಟಿದ್ದರು. ಬೊಳ್ಳು ಅಲ್ಲಿಂದ ಎದ್ದು ನಿಂತು, ಕುಂಟುತ್ತ ಮೆಟ್ಟಿಲ ತನಕ ಬಂದು, ನಮ್ಮನ್ನೇ ನೋಡಿ ಬೊಗಳಿತು. ಒಳಗಿನಿಂದ ಮಾಂಯ್ ಕೂಗಿ ಹೇಳಿದರು, "ಸುಮ್ಮನಿರೋ, ನಮ್ಮವರೇ."