ಬ್ಯಾಟರಿಯ ಪಾರುಪತ್ಯಗಾರ

ದೇವಸ್ಥಾನದ ಉಗ್ರಾಣ, ಸಂತರ್ಪಣೆ ಮುಂತಾದವುಗಳ ಉಸ್ತುವಾರಿ ನೋಡಿಕೊಳ್ಳುವವನಿಗೆ ನಮ್ಮ ಹಿರಿಯರು ‘ಪಾರುಪತ್ಯಗಾರ’ ಎನ್ನುತ್ತಿದ್ದರು. ಪುಣೆಯಲ್ಲೇ ಹುಟ್ಟಿ ಬೆಳೆದ ನಿಮ್ಮಂಥ ಮಕ್ಕಳು ಈ ಮಾತನ್ನು ಕೇಳಿರಲಿಕ್ಕಿಲ್ಲ. ಆದರೆ ‘ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’, ಚುಟುಕಾಗಿ ಬಿ.ಎಂ.ಎಸ್., ಎಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮಗ ಕೇಳಿದಾಗ ನನಗೆ ಹೊಳೆದದ್ದು ಈ ಹಳೆಯ ಮಾತೇ.

ನಮ್ಮ ಸೊಸೈಟಿಯಲ್ಲಿ ಆರು ಜನ ಕೂರುವ ಹಳೆಯ ಗಾಲ್ಫ್ ಗಾಡಿಯೊಂದಿದೆ. ಗೇಟಿನಿಂದ ಹಿಂದಿನ ಕಟ್ಟಡಗಳಿಗೆ ವಯಸ್ಸಾದವರನ್ನು ಕರೆದೊಯ್ಯಲು ಅದನ್ನು ಇಟ್ಟಿದ್ದಾರೆ. ಅದರ ಎಂಟು ವೋಲ್ಟಿನ ಆರು ಲೆಡ್-ಆಸಿಡ್ ಬ್ಯಾಟರಿಗಳು ಕೈಕೊಟ್ಟಾಗ ಮಗನೂ ಅವನ ಇಬ್ಬರು ಗೆಳೆಯರೂ ಲಿಥಿಯಂ ಪ್ಯಾಕನ್ನು ತಾವೇ ಕಟ್ಟುತ್ತೇವೆಂದು ಮುಂದೆ ಬಂದರು. ಕೈಪಿಡಿಗಳ ಇಂಗ್ಲಿಷ್ ಬಲು ತೊಡಕಿನದು. ಅದನ್ನು ಓದಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತ ಓದುತ್ತ ನನಗೂ ರುಚಿ ಹತ್ತಿತು.

ಮೊದಲ ಪ್ರಶ್ನೆ, ಯಾವ ಲಿಥಿಯಂ? 2022ರಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ್ದು ಸೊಸೈಟಿಯವರು ಯಾರೂ ಮರೆತಿರಲಿಲ್ಲ. ಹುಡುಗರು ಆರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್. ಬೇರೆ ಬಗೆಯ ಲಿಥಿಯಂ ಸೆಲ್ಲುಗಳಿಗೆ ಹೋಲಿಸಿದರೆ ಇದು ಶಾಖವನ್ನು ಹೆಚ್ಚು ತಾಳುತ್ತದೆ. ಇದನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಪ್ರಬಂಧ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಪ್ರಕಟವಾಯಿತು. ಅದರ ಲೇಖಕರು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರನ್ನು ಅಲ್ಲಿ ಕಂಡು ನಂಜನಗೂಡು ನೆನಪಾಗಿ ಮನಸ್ಸು ಅರಳಿತು!

ಈ ಸೆಲ್ಲಿನ ಸಹಜ ವೋಲ್ಟೇಜು 3.2. ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಅಂದರೆ 48 ವೋಲ್ಟಿನ ಗಾಡಿಗೆ ಸರಿ. ಆದರೆ ಒಂದೊಂದು ಸೆಲ್ಲೂ 3.65 ವೋಲ್ಟ್ ಮೀರಬಾರದು, 2.5ಕ್ಕಿಂತ ಕೆಳಗಿಳಿಯಬಾರದು. ಒಟ್ಟು ವೋಲ್ಟೇಜು ನೋಡಿದರೆ ಇದು ತಿಳಿಯುವುದಿಲ್ಲ. ಅಟ್ಟ ಅನ್ನವೆಲ್ಲ ಖರ್ಚಾಯಿತೆಂದರೆ ಪಂಕ್ತಿಯಲ್ಲಿ ಎಲ್ಲರ ಹೊಟ್ಟೆಯೂ ತುಂಬಿತೆಂದು ಅರ್ಥವೇ? ಪಾರುಪತ್ಯಗಾರ ಎಲೆ ಎಲೆಯನ್ನೂ ನೋಡಿಕೊಂಡು ಬರಬೇಕು. ಬಿ.ಎಂ.ಎಸ್. ಮಾಡುವುದೂ ಅದನ್ನೇ. ಒಂದು ಸೆಲ್ ಮಿತಿ ದಾಟಿದರೂ ಸಾಕು, ಅದು ಕರೆಂಟನ್ನೇ ಕಡಿದುಬಿಡುತ್ತದೆ. ಆದ್ದರಿಂದ ಹದಿನಾರು ಸೆಲ್ಲಿಗೆಂದೇ, ಐರನ್ ಫಾಸ್ಫೇಟಿಗೆಂದೇ ಇರುವುದನ್ನು ಕೊಳ್ಳಬೇಕು. 4.2 ವೋಲ್ಟಿನವರೆಗೆ ತುಂಬುವ ಸೆಲ್ಲುಗಳಿಗೆ ಮಾಡಿದ್ದನ್ನು ಇದಕ್ಕೆ ಹಾಕಿದರೆ ಕಾವಲಿದ್ದೂ ಇಲ್ಲದಂತೆ.

ಚರ್ಚೆ ಬಿಸಿಯೇರಿದ್ದು ಕರೆಂಟಿನ ವಿಷಯದಲ್ಲಿ. ಸಮತಟ್ಟಿನಲ್ಲಿ ಗಾಡಿ ಎಳೆಯುವುದು ಸುಮಾರು 60 ಆಂಪಿಯರ್. 100 ಆಂಪಿಯರಿನದು ಧಾರಾಳವಾಯಿತು, ಅಗ್ಗವೂ ಹೌದು ಎಂದು ಹುಡುಗರ ವಾದ. ನಾನು ಕೇಳಿದೆ: “ಆರು ಜನ ಕೂತು ಏರಿನಲ್ಲಿ ನಿಂತು ಹೊರಟಾಗ ಎಷ್ಟು ಎಳೆಯುತ್ತದಪ್ಪಾ?” ಡಿ.ಸಿ. ಕರೆಂಟನ್ನೂ ಅಳೆಯುವ ಕ್ಲ್ಯಾಂಪ್ ಮೀಟರ್ ತಂದರು. ಬಾಡಿಗೆಗೆ ತಂದ ಬ್ಯಾಟರಿಗಳ ಮೇಲೆ, ಮರಳಿನ ಚೀಲ ಹೇರಿ, ನೆಲಮಾಳಿಗೆಯ ಏರಿನಲ್ಲಿ ನೋಡಿದರೆ ಮುಳ್ಳು 200 ದಾಟಿತು! 100ರದನ್ನು ಹಾಕಿದ್ದರೆ ಎಪ್ಪತ್ತು ದಾಟಿದವರನ್ನು ಹೊತ್ತ ಗಾಡಿ ನಡು ಏರಿನಲ್ಲಿ ಫಕ್ಕನೆ ನಿಲ್ಲುತ್ತಿತ್ತು. ಕೊನೆಗೆ 200 ಆಂಪಿಯರನ್ನು ಸತತವಾಗಿ, ಅದಕ್ಕೂ ಹೆಚ್ಚನ್ನು ಕೆಲವು ಸೆಕೆಂಡುಗಳ ಮಟ್ಟಿಗೆ ತಾಳುವಂಥದನ್ನು ತರಿಸಿದರು. ಸೆಲ್ಲುಗಳೂ ಅಷ್ಟನ್ನು ಕೊಡಬಲ್ಲವಾಗಿರಬೇಕಲ್ಲ; 280 ಆಂಪಿಯರ್-ಅವರ್‌ನವನ್ನು ಆರಿಸಿದರು.

ಮತ್ತೊಂದು, ಸಮತೋಲನ. ಸಾಮಾನ್ಯ ಬಿ.ಎಂ.ಎಸ್.ಗಳು ಹೆಚ್ಚು ತುಂಬಿದ ಸೆಲ್ಲಿನದನ್ನು ಸ್ವಲ್ಪ ಸ್ವಲ್ಪವಾಗಿ ಶಾಖವಾಗಿ ಕಳೆಯುತ್ತವೆ. ಆ ವೇಗ 0.1 ಆಂಪಿಯರ್ ಆಗಿದ್ದರೆ, 10 ಆಂಪಿಯರ್-ಅವರ್ ವ್ಯತ್ಯಾಸ ಸರಿಪಡಿಸಲು 100 ಗಂಟೆ ಬೇಕು. ಆದ್ದರಿಂದ ಹುಡುಗರು ಜೋಡಿಸುವ ಮೊದಲೇ ಎಲ್ಲ ಸೆಲ್ಲುಗಳನ್ನೂ ಪಕ್ಕಪಕ್ಕಕ್ಕೆ ಕಟ್ಟಿ 3.65 ವೋಲ್ಟಿಗೆ ತುಂಬಿ ಒಂದೇ ಮಟ್ಟಕ್ಕೆ ತಂದರು. ತುಂಬಿದ ಸೆಲ್ಲಿನಿಂದ ಬರಿದಾದ ಸೆಲ್ಲಿಗೆ 2 ಆಂಪಿಯರಿನಂತೆ ದಾಟಿಸುವ ಬಗೆಯ ಬಿ.ಎಂ.ಎಸ್. ಆರಿಸಿದ್ದು ಮುಂದಿನ ದಿನಗಳಿಗಾಗಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮನದಟ್ಟಾದ ಮುಖ್ಯ ಮಾತೊಂದಿದೆ. ಬಿ.ಎಂ.ಎಸ್. ದಿನವೂ ಹಾಕಿ ಆರಿಸುವ ಸ್ವಿಚ್ಚಲ್ಲ. ಅದು ಕಡೆಯ ಕಾವಲು. ಉಳಿದವರೆಲ್ಲ ತಮ್ಮ ಕೆಲಸ ಮಾಡಿದರೆ ಅದಕ್ಕೆ ಕೈಹಾಕುವ ಪ್ರಮೇಯವೇ ಬರಬಾರದು. ಹಾಗಾಗಿ ಹಳೆಯ ಲೆಡ್-ಆಸಿಡ್ ಚಾರ್ಜರನ್ನು ಬಿಟ್ಟು 56.8 ವೋಲ್ಟಿಗೆ, ಅಂದರೆ ಸೆಲ್ಲಿಗೆ 3.55ಕ್ಕೆ, ನಿಲ್ಲುವ ಹೊಸದನ್ನು ತಂದರು. ಮೋಟಾರಿನ ಕಂಟ್ರೋಲರನ್ನು 46 ವೋಲ್ಟಿಗೇ ವೇಗ ತಗ್ಗಿಸುವಂತೆ ಹೊಂದಿಸಿದರು, ಬಿ.ಎಂ.ಎಸ್. ಕಡಿಯಬೇಕಾದ 40 ವೋಲ್ಟಿಗೆ ಅದು ಎಷ್ಟೋ ಮೊದಲು. ನಿಮ್ಮ ಗಾಡಿಯ ಮೋಟಾರು ಇಳಿಜಾರಿನಲ್ಲಿ ಬ್ಯಾಟರಿಗೇ ಕರೆಂಟು ಮರಳಿಸುವ ಬಗೆಯದಾದರೆ ಇನ್ನೂ ಎಚ್ಚರ ಬೇಕು. ಆಗ ಬಿ.ಎಂ.ಎಸ್. ಹಠಾತ್ತನೆ ಕಡಿದರೆ ವೋಲ್ಟೇಜು ಏರಿ ಕಂಟ್ರೋಲರೇ ಸುಡಬಹುದು. ಬ್ಯಾಟರಿಯ ಬಾಯಲ್ಲೇ ಒಂದು ಒಳ್ಳೆಯ ಫ್ಯೂಸೂ ಇರಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು?

ಕಟ್ಟುವ ದಿನ ಅನುಭವವುಳ್ಳ ಎಲೆಕ್ಟ್ರಿಷಿಯನ್ ಒಬ್ಬರು ಜೊತೆಗಿದ್ದರು. ಉಂಗುರ, ಕಡಗ, ಕೈಗಡಿಯಾರ ಎಲ್ಲ ತೆಗೆಸಿ ನನ್ನ ಸೆರಗಿಗೆ ಕಟ್ಟಿಕೊಂಡೆ. ಸ್ಪ್ಯಾನರುಗಳ ಹಿಡಿಗೆ ಟೇಪು ಸುತ್ತಿಸಿದೆ. ಸುಮಾರು 170 ಕಿಲೋ ಇದ್ದ ಬ್ಯಾಟರಿಗಳ ಜಾಗದಲ್ಲಿ ಈಗ ಅದರ ಅರ್ಧದಷ್ಟು ತೂಕವಷ್ಟೇ ಇದೆ. ಹುಡುಗರು ತಿಂಗಳಿಗೊಮ್ಮೆ ಹದಿನಾರೂ ಸೆಲ್ಲುಗಳ ವೋಲ್ಟೇಜನ್ನು ಫೋನಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಎರಡು ಮಳೆಗಾಲ ಕಳೆದರೂ ಪಾರುಪತ್ಯಗಾರ ಒಮ್ಮೆಯೂ ಕರೆಂಟು ಕಡಿದಿಲ್ಲ. ನೀವೂ ಇಂಥದ್ದಕ್ಕೆ ಕೈಹಾಕುವುದಾದರೆ ಬೆಲೆಪಟ್ಟಿಗಿಂತ ಮೊದಲು ಕ್ಲ್ಯಾಂಪ್ ಮೀಟರ್ ಹಿಡಿಯಿರಿ, ಮಕ್ಕಳೇ. ಗಾಡಿಯಲ್ಲಿ ಕೂರುವವರು ನಿಮ್ಮ ಅಜ್ಜಿ ತಾತಂದಿರು.